ಕೂಡ್ಲಿಗಿಯ ಓಟು ದಿಲ್ಲಿಯಲ್ಲಿ ಎಲ್ಲಿ ಕೂತಿದೆ?

2023ರ ಮೇ ತಿಂಗಳ ವಿಧಾನಸಭಾ ಚುನಾವಣೆ ಮುಗಿದಾಗ ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಒಂದು ವಿಚಿತ್ರ ಫಲಿತಾಂಶ ಬಂದಿತ್ತು. ಕೂಡ್ಲಿಗಿಯಲ್ಲಿ ಕಾಂಗ್ರೆಸ್‌ನ ಡಾ. ಎನ್.ಟಿ. ಶ್ರೀನಿವಾಸ್ ಗೆದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಜೆಡಿಎಸ್‌ನ ಕೆ. ನೇಮರಾಜ ನಾಯ್ಕ. ಹೂವಿನಹಡಗಲಿಯಲ್ಲಿ ಬಿಜೆಪಿಯ ಕೃಷ್ಣ ನಾಯ್ಕ. ಹರಪನಹಳ್ಳಿಯಲ್ಲಿ ಎಲ್ಲ ಪಕ್ಷಗಳನ್ನೂ ಬದಿಗೊತ್ತಿ ಪಕ್ಷೇತರರಾಗಿ ಲತಾ ಮಲ್ಲಿಕಾರ್ಜುನ. ಒಂದಕ್ಕೊಂದು ಅಂಟಿಕೊಂಡ ನಾಲ್ಕು ಕ್ಷೇತ್ರ, ನಾಲ್ಕು ಬಣ್ಣ. ಐದನೆಯದಾದ ಕೊಟ್ಟೂರು ಈಗ ಸ್ವತಂತ್ರ ತಾಲ್ಲೂಕು. ಆದರೆ ತಾಲ್ಲೂಕು ಬರುವ ಮುಂಚೆಯೇ ಅದರ ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಹೋಗಿಬಿಟ್ಟಿತ್ತು. ಕೊಟ್ಟೂರು ಪೇಟೆಯವರು ಈಗ ಹಗರಿಬೊಮ್ಮನಹಳ್ಳಿಯ ಶಾಸಕರಿಗೆ ಓಟು ಹಾಕುತ್ತಾರೆ.

ಈ ನಾಲ್ವರು ಶಾಸಕರು ಆರಿಸಿ ಬಂದು ಒಂಬತ್ತು ತಿಂಗಳಾಗುವ ಹೊತ್ತಿಗೆ, 2024ರ ಫೆಬ್ರುವರಿ 27ರಂದು, ನಮ್ಮ ಹೆಸರಿನಲ್ಲಿ ಇನ್ನೊಂದು ಓಟು ಹಾಕಿದರು. ಅದು ರಾಜ್ಯಸಭೆಯ ಚುನಾವಣೆ. ಭರತ ಹುಣ್ಣಿಮೆ ಕಳೆದು ಮೂರೇ ದಿನವಾಗಿತ್ತು. ಹಡಗಲಿ ಕಡೆಯವರ ಬಾಯಲ್ಲೆಲ್ಲ ಮೈಲಾರದ ಕಾರ್ಣಿಕದ ಮಾತು. ಬಿಲ್ಲೇರಿದ ಗೊರವಯ್ಯ ನುಡಿದದ್ದರಲ್ಲಿ ಮಳೆಗೇನು, ಬೆಳೆಗೇನು, ರಾಜಕಾರಣಕ್ಕೇನು ಎಂದು ಅರ್ಥ ಬಿಡಿಸುವವರಿಗೆ ಕೊರತೆಯೇ ಇಲ್ಲ. ಅದೇ ವಾರ ಬೆಂಗಳೂರಿನಲ್ಲಿ ನಮ್ಮ ಶಾಸಕರು ದಿಲ್ಲಿಯ ಮೇಲ್ಮನೆಗೆ ಯಾರನ್ನು ಕಳಿಸಿದರು ಎಂಬುದನ್ನು ಬಿಡಿಸಿ ನೋಡಿದವರು ಎಷ್ಟು ಜನ? ಮಂಡಕ್ಕಿ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಲೋಕಸಭೆ, ವಿಧಾನಸಭೆ, ಜಿಲ್ಲಾ ಪಂಚಾಯ್ತಿ ಎಲ್ಲ ಚರ್ಚೆಗೆ ಬರುತ್ತವೆ. ರಾಜ್ಯಸಭೆ ಮಾತ್ರ ಬರುವುದಿಲ್ಲ. ಬಂದರೂ, 'ಅದು ದೊಡ್ಡೋರ್ದು ಬಿಡಪ್ಪ' ಎಂದು ಅಲ್ಲಿಗೇ ನಿಲ್ಲುತ್ತದೆ.

ಬಿಡುವಂಥದ್ದಲ್ಲ ಎಂಬುದೇ ನನ್ನ ತಕರಾರು. ಆ ದಿನದ ಲೆಕ್ಕವನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ.

ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ 12 ಸ್ಥಾನ. ಒಬ್ಬೊಬ್ಬರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ನಾಲ್ವರು ನಿವೃತ್ತರಾಗುತ್ತಾರೆ. ಆ ಸಲ ನಾಲ್ಕು ಸ್ಥಾನಕ್ಕೆ ಐವರು ಕಣದಲ್ಲಿದ್ದರು: ಕಾಂಗ್ರೆಸ್‌ನಿಂದ ಅಜಯ್ ಮಾಕನ್, ಸೈಯದ್ ನಾಸಿರ್ ಹುಸೇನ್, ಜಿ.ಸಿ. ಚಂದ್ರಶೇಖರ್, ಬಿಜೆಪಿಯಿಂದ ನಾರಾಯಣಸಾ ಭಾಂಡಗೆ, ಜೆಡಿಎಸ್‌ನಿಂದ ಡಿ. ಕುಪೇಂದ್ರ ರೆಡ್ಡಿ. ಬಿಜೆಪಿ-ಜೆಡಿಎಸ್ ಮೈತ್ರಿ ಅಷ್ಟರಲ್ಲಿ ಕುದುರಿತ್ತು. ಎರಡು ದಿನ ಮುಂಚೆ ಸುರಪುರದ ಶಾಸಕ ರಾಜಾ ವೆಂಕಟಪ್ಪ ನಾಯಕ ತೀರಿಕೊಂಡಿದ್ದರಿಂದ ಓಟಿನ ಹಕ್ಕಿದ್ದವರು 223. ಗೆಲ್ಲಬೇಕಾದರೆ ಎಷ್ಟು ಬೇಕು? ಒಟ್ಟು ಓಟನ್ನು, ಸ್ಥಾನಗಳಿಗೆ ಒಂದು ಸೇರಿಸಿ ಬಂದ ಸಂಖ್ಯೆಯಿಂದ, ಅಂದರೆ ಐದರಿಂದ ಭಾಗಿಸಿ, ಮೇಲಕ್ಕೆ ಒಂದು ತೂಕ ಹಾಕಬೇಕು. ಒಬ್ಬೊಬ್ಬರ ಓಟಿಗೂ 100ರ ಮೌಲ್ಯ ಕೊಟ್ಟು ಎಣಿಸುವುದರಿಂದ ಲೆಕ್ಕ ಪೈಸೆಗೆ ಪೈಸೆ ಹೋಗುತ್ತದೆ. ನಮ್ಮ ಮಟ್ಟಿಗೆ 45 ಶಾಸಕರು ಕೈಹಿಡಿದರೆ ಗೆದ್ದಂತೆ ಎಂದಿಟ್ಟುಕೊಂಡರೆ ಸಾಕು. ಕಾಂಗ್ರೆಸ್ಸಿಗೆ ಮೂವರಿಗೂ ತಲಾ 45 ಹಂಚಬೇಕಾದರೆ 135 ಬೇಕು. ಕೈಯಲ್ಲಿದ್ದದ್ದು 134.

ಹರಪನಹಳ್ಳಿಗೆ ಬೆಲೆ ಬಂದದ್ದು ಇಲ್ಲಿ. ಸದನದಲ್ಲಿ ಯಾವ ದೊಡ್ಡ ಪಕ್ಷಕ್ಕೂ ಸೇರದ ನಾಲ್ವರಿದ್ದರು: ಗಂಗಾವತಿಯ ಗಾಲಿ ಜನಾರ್ದನ ರೆಡ್ಡಿ, ಮೇಲುಕೋಟೆಯ ದರ್ಶನ್ ಪುಟ್ಟಣ್ಣಯ್ಯ, ಗೌರಿಬಿದನೂರಿನ ಪುಟ್ಟಸ್ವಾಮಿ ಗೌಡ ಮತ್ತು ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ. ನಾಲ್ವರೂ ಕಾಂಗ್ರೆಸ್ ಕಡೆ ನಿಂತರು. ಬಿಜೆಪಿಯ ಎಸ್.ಟಿ. ಸೋಮಶೇಖರ್ ಅಡ್ಡಮತ ಹಾಕಿದರು, ಅದೇ ಪಕ್ಷದ ಶಿವರಾಮ ಹೆಬ್ಬಾರ್ ಓಟಿಗೇ ಬರಲಿಲ್ಲ. ಎಣಿಕೆ ಮುಗಿದಾಗ ಮಾಕನ್‌ಗೆ 47, ನಾಸಿರ್ ಹುಸೇನ್‌ಗೆ 47, ಚಂದ್ರಶೇಖರ್‌ಗೆ 45, ಭಾಂಡಗೆಗೆ 47, ಕುಪೇಂದ್ರ ರೆಡ್ಡಿಗೆ 36. ಕಾಂಗ್ರೆಸ್‌ನ ಮೂವರದ್ದು ಕೂಡಿಸಿದರೆ 139. ತನ್ನ 134, ಆ ನಾಲ್ವರು, ಜೊತೆಗೆ ಸೋಮಶೇಖರ್. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಇದರಲ್ಲೊಂದು ಮೋಜಿನ ಕಾನೂನಿದೆ. ರಾಜ್ಯಸಭೆಯ ಚುನಾವಣೆ 2003ರಿಂದ ಬಹಿರಂಗ ಮತದಾನ. ಬಹಿರಂಗ ಎಂದಾಕ್ಷಣ ಶಾಸಕರು ಕೈಯೆತ್ತಿ ಓಟು ಹಾಕುತ್ತಾರೆ ಎಂದುಕೊಳ್ಳಬೇಡಿ. ಮರೆಯಲ್ಲಿ ನಿಂತು, ಚುನಾವಣಾ ಆಯೋಗವೇ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಹೆಸರುಗಳ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು. ಬೇರೆ ಪೆನ್ನು ಮುಟ್ಟುವಂತಿಲ್ಲ. 2016ರಲ್ಲಿ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ ಪೆನ್ನಿನ ಶಾಯಿಯ ತಕರಾರಿನಲ್ಲೇ ಹತ್ತಾರು ಓಟು ರದ್ದಾಗಿ ಫಲಿತಾಂಶವೇ ತಿರುಗಿತ್ತು. ಬರೆದ ಮೇಲೆ ಆ ಚೀಟಿಯನ್ನು ತನ್ನ ಪಕ್ಷದ ಅಧಿಕೃತ ಏಜೆಂಟರಿಗೆ ತೋರಿಸಿ, ನಂತರ ಪೆಟ್ಟಿಗೆಗೆ ಹಾಕಬೇಕು. ತೋರಿಸದಿದ್ದರೆ ಓಟು ಅಸಿಂಧು. ಬೇರೆ ಯಾರಿಗಾದರೂ ತೋರಿಸಿದರೂ ಅಸಿಂಧು. 2017ರಲ್ಲಿ ಗುಜರಾತಿನ ಇಬ್ಬರು ಕಾಂಗ್ರೆಸ್ ಶಾಸಕರು ಚೀಟಿಯನ್ನು ಹೊರಗಿನವರಿಗೆ ತೋರಿಸಿದ್ದಕ್ಕೆ ಅವರ ಓಟು ರದ್ದಾಗಿ ಅಹ್ಮದ್ ಪಟೇಲ್ ದಡ ಸೇರಿದ್ದನ್ನು ಮಧ್ಯರಾತ್ರಿವರೆಗೆ ಟಿವಿ ಮುಂದೆ ಕೂತು ನೋಡಿದವರು ಮರೆತಿರಲಾರರು. ಪಕ್ಷೇತರರ ಪಾಡು ಇದಕ್ಕೆ ತದ್ವಿರುದ್ಧ. ಅವರಿಗೆ ಏಜೆಂಟರೇ ಇಲ್ಲ, ಹಾಗಾಗಿ ಯಾರಿಗೂ ತೋರಿಸುವಂತಿಲ್ಲ. ಹರಪನಹಳ್ಳಿಯ ಚೀಟಿ ಮಡಿಚಿಕೊಂಡೇ ಪೆಟ್ಟಿಗೆಗೆ ಬಿತ್ತು. ಹಾಗಿದ್ದೂ 139ರ ಕೂಡುವಿಕೆ ಅದನ್ನು ಬಯಲು ಮಾಡಿತು.

ಬಯಲು ಅಂದರೂ ಅರ್ಧ ಬಯಲು. ಹರಪನಹಳ್ಳಿಯ ಓಟು ಕಾಂಗ್ರೆಸ್‌ಗೆ ಹೋಯಿತು, ಆದರೆ ಮಾಕನ್‌ಗೋ ನಾಸಿರ್ ಹುಸೇನ್‌ಗೋ ಚಂದ್ರಶೇಖರ್‌ಗೋ? ಲೆಕ್ಕದಿಂದ ಹೇಳಲಾಗದು. ಕೂಡ್ಲಿಗಿಯದೂ ಅಷ್ಟೇ, ಮೂವರಲ್ಲಿ ಒಬ್ಬರಿಗೆ. ಹಡಗಲಿಯದು? ಬಿಜೆಪಿಯ 66ರಲ್ಲಿ ಇಬ್ಬರನ್ನು ಕಳೆದರೆ 64. ಅದರಲ್ಲಿ 47 ಭಾಂಡಗೆಗೆ ಹೋಗಿ ಉಳಿದ 17 ಮಿತ್ರಪಕ್ಷದ ಕುಪೇಂದ್ರ ರೆಡ್ಡಿಗೆ ಹೋದವು. ಕೃಷ್ಣ ನಾಯ್ಕರ ಚೀಟಿ ಆ 47ರಲ್ಲಿತ್ತೋ 17ರಲ್ಲಿತ್ತೋ ಅವರ ಪಕ್ಷದ ಏಜೆಂಟರಿಗೆ ಗೊತ್ತು, ಹಡಗಲಿಗೆ ಗೊತ್ತಿಲ್ಲ. ಖಚಿತವಾಗಿ ಹೇಳಬಹುದಾದದ್ದು ಹಗರಿಬೊಮ್ಮನಹಳ್ಳಿಯ ಓಟು ಮಾತ್ರ. 36ರಲ್ಲಿ 17 ಕಳೆದರೆ 19. ಜೆಡಿಎಸ್ ಶಾಸಕರು ಇದ್ದದ್ದೇ 19. ಅಂದರೆ ನೇಮರಾಜ ನಾಯ್ಕರ ಓಟು ಕುಪೇಂದ್ರ ರೆಡ್ಡಿಗೆ ಬಿದ್ದಿದೆ. ನಾಲ್ಕು ಓಟಿನಲ್ಲಿ ಯಾರಿಗೆ ಹೋಯಿತೆಂದು ಪಕ್ಕಾ ಹೇಳಬಹುದಾದದ್ದು ಒಂದೇ, ಅದೂ ಸೋತವರಿಗೆ ಹೋದದ್ದು!

ಬಹಿರಂಗ ಮತದಾನ ತಂದವರ ವಾದ ಪ್ರಾಮಾಣಿಕವಾಗಿಯೇ ಇತ್ತು. ಗುಟ್ಟಾಗಿ ಓಟು ಹಾಕಲು ಬಿಟ್ಟರೆ ಥೈಲಿ ಹಿಡಿದವರು ಶಾಸಕರನ್ನು ಕೊಳ್ಳುತ್ತಾರೆ, ಆದ್ದರಿಂದ ಬೆಳಕಿರಲಿ ಎಂದರು. ಹಿರಿಯ ಪತ್ರಕರ್ತ ಕುಲದೀಪ್ ನಯ್ಯರ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2006ರಲ್ಲಿ ಕೋರ್ಟು ಬಹಿರಂಗ ಮತದಾನವನ್ನು ಎತ್ತಿಹಿಡಿಯಿತು. ಆದರೆ ಆ ಬೆಳಕು ಯಾರ ಕಡೆಗೆ ತಿರುಗಿದೆ ನೋಡಿ. ಪಕ್ಷಕ್ಕೆ ಶಾಸಕ ತನ್ನ ಚೀಟಿ ತೋರಿಸಲೇಬೇಕು. ಅವನನ್ನು ಶಾಸಕ ಮಾಡಿದ ಊರಿಗೆ ತೋರಿಸಬೇಕಿಲ್ಲ, ಹೇಳಬೇಕಾಗಿಯೂ ಇಲ್ಲ.

ಪಕ್ಷಕ್ಕೆ ತೋರಿಸಿಯೂ ಪಕ್ಷದ ವಿರುದ್ಧ ಹೋಗುವ ಧೈರ್ಯ ಇಲ್ಲವೆಂದಲ್ಲ. ಅದಕ್ಕೂ ಹಗರಿಬೊಮ್ಮನಹಳ್ಳಿಯೇ ಸಾಕ್ಷಿ. 2013ರಲ್ಲಿ ಜೆಡಿಎಸ್‌ನಿಂದ ಗೆದ್ದ ಎಸ್. ಭೀಮಾ ನಾಯ್ಕ 2016ರ ಜೂನ್‌ನಲ್ಲಿ ಪಕ್ಷದ ಅಭ್ಯರ್ಥಿ ಬಿ.ಎಂ. ಫಾರೂಕ್ ಅವರನ್ನು ಬಿಟ್ಟು ಕಾಂಗ್ರೆಸ್ ಕಡೆ ಓಟು ಹಾಕಿದ ಎಂಟು ಶಾಸಕರಲ್ಲಿ ಒಬ್ಬರು. ಜಮೀರ್ ಅಹ್ಮದ್ ಖಾನ್, ಚಲುವರಾಯಸ್ವಾಮಿ ಅದೇ ಗುಂಪಿನವರು. ಫಾರೂಕ್ ಸೋತರು, ಕಾಂಗ್ರೆಸ್‌ನ ಮೂರನೇ ಅಭ್ಯರ್ಥಿ ಕೆ.ಸಿ. ರಾಮಮೂರ್ತಿ ಗೆದ್ದರು. ಪಕ್ಷ ಎಂಟೂ ಜನರನ್ನು ಅಮಾನತು ಮಾಡಿತು, ಸ್ಪೀಕರ್ ಮುಂದೆ ಅನರ್ಹತೆಯ ದೂರು ಹೋಯಿತು. ಆದರೆ ಪಕ್ಷಾಂತರ ನಿಷೇಧ ಕಾಯ್ದೆ ರಾಜ್ಯಸಭೆಯ ಮತದಾನಕ್ಕೆ ತಾಗುವುದಿಲ್ಲ. ಪಕ್ಷದಿಂದ ಹೊರಹಾಕಬಹುದು, ಆ ಒಂದು ಓಟಿನ ಕಾರಣಕ್ಕೆ ಶಾಸಕ ಸ್ಥಾನ ಕೀಳಲಾಗದು. 2018ರ ಮಾರ್ಚ್‌ನಲ್ಲಿ ಮತ್ತೆ ರಾಜ್ಯಸಭಾ ಚುನಾವಣೆ ಬಂತು, ಮತ್ತೆ ಫಾರೂಕ್ ನಿಂತರು, ಎಂಟರಲ್ಲಿ ಏಳು ಜನ ಮತ್ತೆ ಅದನ್ನೇ ಮಾಡಿ, ಬೆನ್ನಿಗೇ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು. ಎರಡು ತಿಂಗಳ ನಂತರ ಹಗರಿಬೊಮ್ಮನಹಳ್ಳಿ ಭೀಮಾ ನಾಯ್ಕರನ್ನು ಕಾಂಗ್ರೆಸ್ ಚಿಹ್ನೆಯಲ್ಲೇ ಗೆಲ್ಲಿಸಿತು. ಐದು ವರ್ಷ ಬಿಟ್ಟು ಸೋಲಿಸಿದ್ದೂ ಅದೇ ಊರು. ಗೆದ್ದದ್ದು ಅವರೇ ಬಿಟ್ಟುಬಂದ ಜೆಡಿಎಸ್. ಇದರಲ್ಲಿ ರಾಜ್ಯಸಭೆಯ ಓಟಿನ ಪಾಲು ಎಷ್ಟು? ನನ್ನ ಊಹೆ ಕೇಳಿದರೆ, ಸೊನ್ನೆ.

ಈ ತಾಲ್ಲೂಕುಗಳ ರಾಜ್ಯಸಭೆಯ ನಂಟು ಶುರುವಾದದ್ದು ಬೆಂಗಳೂರಿನಿಂದಲ್ಲ, ಮದ್ರಾಸಿನಿಂದ. 1952ರ ಏಪ್ರಿಲ್‌ನಲ್ಲಿ ಮೇಲ್ಮನೆ ಮೊದಲ ಸಲ ರಚನೆಯಾದಾಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯೆಲ್ಲ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಲ್ಲಿಂದ ಗೆದ್ದು ಹೋದವರು ಕೂತದ್ದು ಮದ್ರಾಸಿನ ವಿಧಾನಸಭೆಯಲ್ಲಿ, ಆರಿಸಿದ್ದು ಮದ್ರಾಸಿನ ಪಾಲಿನ 27 ಸದಸ್ಯರನ್ನು. ಆಗ ಮೈಸೂರಿಗೆ ಇದ್ದದ್ದು ಆರೇ ಸ್ಥಾನ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಿ ಉಳಿದ ಬಳ್ಳಾರಿ ಮೈಸೂರಿಗೆ ಬಂತು. 1956ರ ಏಕೀಕರಣದಲ್ಲಿ ಮುಂಬಯಿ, ಹೈದರಾಬಾದು, ಕೊಡಗಿನ ಕನ್ನಡ ಭಾಗಗಳೂ ಕೂಡಿದಾಗ ಸ್ಥಾನ 12ಕ್ಕೇರಿತು. ಅಂದಿನಿಂದ ಇಂದಿನವರೆಗೆ ಅದೇ 12. ಉತ್ತರ ಪ್ರದೇಶಕ್ಕೆ 31, ಮಹಾರಾಷ್ಟ್ರಕ್ಕೆ 19, ತಮಿಳುನಾಡಿಗೆ 18, ಗೋವಾಕ್ಕೆ ಒಂದು. ಅಮೆರಿಕದ ಸೆನೆಟ್ಟಿನಲ್ಲಿ ಇರುವಂತೆ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ಎಲ್ಲಕ್ಕೂ ಎರಡೆರಡು ಎಂಬ ಸಮಪಾಲು ನಮ್ಮಲ್ಲಿಲ್ಲ. ಜನ ಹೆಚ್ಚಿದ್ದಲ್ಲಿ ಕುರ್ಚಿ ಹೆಚ್ಚು. ಇಡೀ ಸದನದಲ್ಲಿ 245, ಅದರಲ್ಲಿ 233 ಆಯ್ಕೆಯಾದವರು, 12 ರಾಷ್ಟ್ರಪತಿಗಳು ನಾಮಕರಣ ಮಾಡಿದವರು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ 2022ರಲ್ಲಿ, ಸುಧಾ ಮೂರ್ತಿ 2024ರಲ್ಲಿ ಹೋದದ್ದು ಈ ನಾಮಕರಣದ ಬಾಗಿಲಿನಿಂದ. ಅವರಿಬ್ಬರು ಕರ್ನಾಟಕದ 12ರಲ್ಲಿ ಲೆಕ್ಕಕ್ಕಿಲ್ಲ.

ಆ 12ರ ಪಕ್ಷವಾರು ಚಿತ್ರ 2024ರ ಚುನಾವಣೆಯ ನಂತರ ಹೀಗಿತ್ತು. ಕಾಂಗ್ರೆಸ್ ಐದು: ಮಲ್ಲಿಕಾರ್ಜುನ ಖರ್ಗೆ, ಜೈರಾಮ್ ರಮೇಶ್ ಮತ್ತು ಮೇಲೆ ಹೇಳಿದ ಮೂವರು. ಬಿಜೆಪಿ ಆರು: ನಿರ್ಮಲಾ ಸೀತಾರಾಮನ್, ಜಗ್ಗೇಶ್, ಲಹರ್ ಸಿಂಗ್, ಈರಣ್ಣ ಕಡಾಡಿ, ಕೆ. ನಾರಾಯಣ, ಭಾಂಡಗೆ. ಜೆಡಿಎಸ್ ಒಂದು: ಎಚ್.ಡಿ. ದೇವೇಗೌಡರು. ವಿಧಾನಸಭೆಯಲ್ಲಿ 135 ಗೆದ್ದ ಪಕ್ಷಕ್ಕೆ ಐದು, 66 ಗೆದ್ದ ಪಕ್ಷಕ್ಕೆ ಆರು! ಇದು ಮೋಸವಲ್ಲ, ಮೇಲ್ಮನೆಯ ಕಟ್ಟಡವೇ ಹಾಗೆ. ಅದು ಇವತ್ತಿನ ವಿಧಾನಸಭೆಯನ್ನು ಮಾತ್ರ ತೋರಿಸುವುದಿಲ್ಲ, ನಿನ್ನೆ ಮೊನ್ನೆಯದನ್ನೂ ಉಳಿಸಿಕೊಂಡಿರುತ್ತದೆ. ದಿಲ್ಲಿಯ ಮಟ್ಟದಲ್ಲೂ ಇದೇ ಕತೆ. 2014ರಲ್ಲಿ ಲೋಕಸಭೆಯಲ್ಲಿ ಒಂಟಿಯಾಗಿ ಬಹುಮತ ಪಡೆದ ಬಿಜೆಪಿ ರಾಜ್ಯಸಭೆಯಲ್ಲಿ ನೂರು ಮುಟ್ಟಲು 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. 1990ರ ನಂತರ ಆ ಸಂಖ್ಯೆಯನ್ನು ಯಾವ ಪಕ್ಷವೂ ಮುಟ್ಟಿರಲಿಲ್ಲ. ಬಹುಮತಕ್ಕೆ 123 ಬೇಕು.

ನಮ್ಮ ಸೀಮೆಯಲ್ಲಿ ಆ 'ಮೊನ್ನೆ' ಹೇಗಿತ್ತು? 2022ರ ಜೂನ್ 10ರ ರಾಜ್ಯಸಭಾ ಚುನಾವಣೆಯಲ್ಲಿ ಓಟು ಹಾಕಿದವರು ಕೂಡ್ಲಿಗಿಯಿಂದ ಬಿಜೆಪಿಯ ಎನ್.ವೈ. ಗೋಪಾಲಕೃಷ್ಣ, ಹರಪನಹಳ್ಳಿಯಿಂದ ಬಿಜೆಪಿಯ ಜಿ. ಕರುಣಾಕರ ರೆಡ್ಡಿ, ಹಗರಿಬೊಮ್ಮನಹಳ್ಳಿಯಿಂದ ಕಾಂಗ್ರೆಸ್‌ನ ಭೀಮಾ ನಾಯ್ಕ, ಹಡಗಲಿಯಿಂದ ಕಾಂಗ್ರೆಸ್‌ನ ಪಿ.ಟಿ. ಪರಮೇಶ್ವರ ನಾಯ್ಕ. ಮರುವರ್ಷದ ಚುನಾವಣೆಯ ನಂತರ ಈ ನಾಲ್ವರಲ್ಲಿ ಒಬ್ಬರೂ ಆ ಕ್ಷೇತ್ರದಲ್ಲಿ ಉಳಿಯಲಿಲ್ಲ. ಗೋಪಾಲಕೃಷ್ಣ ಅವರಂತೂ ಪಕ್ಷ ಬಿಟ್ಟು ಮೊಳಕಾಲ್ಮುರಿನಿಂದ ಕಾಂಗ್ರೆಸ್ ಶಾಸಕರಾದರು. ಆದರೆ ಅವತ್ತು ಗೆದ್ದ ನಿರ್ಮಲಾ, ಜಗ್ಗೇಶ್, ಲಹರ್ ಸಿಂಗ್, ಜೈರಾಮ್ ರಮೇಶ್ ಅವಧಿ 2028ರ ಜೂನ್ 30ರವರೆಗೆ.

ಅವತ್ತಿನ ನಾಲ್ಕನೇ ಸ್ಥಾನದ ಜಗಳ ರಾಜಕಾರಣದ ವಿದ್ಯಾರ್ಥಿಗಳಿಗೆ ಪಾಠವಾಗಬೇಕು. ಲಹರ್ ಸಿಂಗ್‌ಗೆ ಸಿಕ್ಕ ಮೊದಲ ಪ್ರಾಶಸ್ತ್ಯದ ಮತ 33. ಜೆಡಿಎಸ್‌ನ ಕುಪೇಂದ್ರ ರೆಡ್ಡಿಗೆ 30, ಕಾಂಗ್ರೆಸ್‌ನ ಎರಡನೇ ಅಭ್ಯರ್ಥಿ ಮನ್ಸೂರ್ ಅಲಿ ಖಾನ್‌ಗೆ 25. ಸೋತ ಇಬ್ಬರದು ಸೇರಿದರೆ 55, ಬೇಕಿದ್ದದ್ದು 45. ಎರಡು ಪಕ್ಷದವರೂ 'ನೀವು ಹಿಂದೆ ಸರಿಯಿರಿ' ಎಂದು ಕೊನೇ ಗಳಿಗೆವರೆಗೆ ಒಬ್ಬರಿಗೊಬ್ಬರು ಹೇಳುತ್ತ ಕೂತರು. ಇಬ್ಬರ ಜಗಳ ಮೂರನೆಯವರಿಗೆ ಲಾಭ.

ಇನ್ನು ಯಾರು ಹೋಗುತ್ತಾರೆ ಎಂಬ ವಿಷಯ. 2003ಕ್ಕೆ ಮುಂಚೆ ಅಭ್ಯರ್ಥಿ ಹೆಸರಿಗಾದರೂ ಆ ರಾಜ್ಯದ ಮತದಾರರ ಪಟ್ಟಿಯಲ್ಲಿ ಇರಬೇಕಿತ್ತು. ಬಹಿರಂಗ ಮತದಾನ ತಂದ ತಿದ್ದುಪಡಿಯೇ ಅದನ್ನೂ ತೆಗೆಯಿತು. ಹಾಗಂತ ಅದಕ್ಕೂ ಮುಂಚೆ ಎಲ್ಲ ಸರಿಯಿತ್ತೆಂದೂ ಇಲ್ಲ. ನೆಲ್ಲೂರು ಕಡೆಯ ವೆಂಕಯ್ಯ ನಾಯ್ಡು 1998ರಲ್ಲೇ ಕರ್ನಾಟಕದಿಂದ ಹೋಗಿದ್ದರು. 2011ರಲ್ಲಿ ಒಂದು ಸ್ಥಾನಕ್ಕೆ ಉಪಚುನಾವಣೆ ಬಂದಾಗ ಹೇಮಾ ಮಾಲಿನಿ ಎದುರು ಕನ್ನಡದ ವಿಮರ್ಶಕ ಕೆ. ಮರುಳಸಿದ್ದಪ್ಪ ನಿಂತಿದ್ದರು. ಹೇಮಾ ಮಾಲಿನಿ ಗೆದ್ದರು. ಹೊರಗಿನವರು ಎಂಬ ಕೂಗು ಪ್ರತಿ ಸಲ ಏಳುತ್ತದೆ, ತಣ್ಣಗಾಗುತ್ತದೆ. ನನಗೆ ಇದರಲ್ಲಿ ಅರ್ಧ ಮನಸ್ಸು. ದೇಶದ ಹಣಕಾಸು ಸಚಿವೆ ನಿರ್ಮಲಾ ಮಧುರೈಯವರು ಎಂಬುದಕ್ಕಿಂತ, ಮೇಲಿನ ಪಟ್ಟಿಯ 12 ಜನರಲ್ಲಿ ಆಕೆಯೊಬ್ಬರೇ ಹೆಂಗಸು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಬಳ್ಳಾರಿಯವರು ಹೊರಗಿನವರ ವಿಷಯದಲ್ಲಿ ಪಳಗಿದವರು ಬೇರೆ. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಬಳ್ಳಾರಿ ಲೋಕಸಭೆಗೆ ಸೆಣಸಿದ್ದನ್ನು ಇಡೀ ದೇಶ ನೋಡಿತ್ತು. ಗೆದ್ದ ಸೋನಿಯಾ ಅಮೇಥಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಸೋತ ಸುಷ್ಮಾ 2000ದಲ್ಲಿ ಉತ್ತರ ಪ್ರದೇಶದಿಂದ ರಾಜ್ಯಸಭೆಗೆ ಹೋದರು. 2024ರಲ್ಲಿ ಸೋನಿಯಾ ಅವರೂ ರಾಜಸ್ಥಾನದಿಂದ ಅದೇ ಮನೆ ಸೇರಿದರು. ಬಳ್ಳಾರಿಯ ಪಾಲಿಗೆ ಸಿಕ್ಕ ಮನೆಮಗ ಎಂದರೆ ನಾಸಿರ್ ಹುಸೇನ್. ಅವರು ಬಳ್ಳಾರಿಯವರೇ, ಮೊದಲು ಹೋದದ್ದು 2018ರಲ್ಲಿ. ಕಲ್ಯಾಣ ಕರ್ನಾಟಕದ ಇನ್ನೊಬ್ಬರು ಖರ್ಗೆ. ಮೂರನೆಯವರಾಗಿ 2020ರಲ್ಲಿ ರಾಯಚೂರಿನ ಅಶೋಕ ಗಸ್ತಿ ಅವಿರೋಧವಾಗಿ ಆಯ್ಕೆಯಾಗಿದ್ದರು, ಕೆಲವೇ ತಿಂಗಳಲ್ಲಿ ಕೋವಿಡ್ ಅವರನ್ನು ಒಯ್ದಿತು. ಆ ಸ್ಥಾನ ಮಂಗಳೂರು ಮೂಲದ ನಾರಾಯಣ ಅವರಿಗೆ ಹೋಯಿತು.

ಮೀಸಲಾತಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮ ನಾಲ್ಕು ಕ್ಷೇತ್ರಗಳಲ್ಲಿ ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲು. ಹರಪನಹಳ್ಳಿ ಮಾತ್ರ ಸಾಮಾನ್ಯ. ಬಳ್ಳಾರಿ ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡದ್ದು. ಮೀಸಲು ಕ್ಷೇತ್ರಗಳಿಂದ ಬಂದ ಈ ಮೂವರು ಓಟು ಹಾಕುವ ರಾಜ್ಯಸಭೆಯಲ್ಲಿ ಮಾತ್ರ ಯಾವ ಮೀಸಲಾತಿಯೂ ಇಲ್ಲ. 2023ರಲ್ಲಿ ಬಂದ ಮಹಿಳಾ ಮೀಸಲಾತಿ ತಿದ್ದುಪಡಿಯೂ ಲೋಕಸಭೆ, ವಿಧಾನಸಭೆಗಳಿಗಷ್ಟೇ. ಮೇಲ್ಮನೆಗೆ ಯಾರು ಹೋಗಬೇಕೆಂಬುದು ಪೂರ್ತಿ ಪಕ್ಷದ ಹೈಕಮಾಂಡಿನ ಮರ್ಜಿ.

ಇಷ್ಟಾಗಿ ಆ ಮನೆಯಿಂದ ನಮಗೇನು ಎಂದು ಕೇಳುವವರಿಗೆ ಹರಪನಹಳ್ಳಿಯವರು ಉತ್ತರ ಕೊಡಬಲ್ಲರು. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನಕ್ಕಿಂತ ಹೆಚ್ಚು ಹಿಡಿದಿಡಲಾರದು, ನಿಜ. ಸಂವಿಧಾನ ತಿದ್ದುಪಡಿ ಹಾಗಲ್ಲ. ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ ಎರಡೂ ಸದನದಲ್ಲಿ ಬೇಕೇ ಬೇಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿ 2012ರ ಡಿಸೆಂಬರ್‌ನಲ್ಲಿ ಹಾಗೆ ಎರಡೂ ಮನೆ ದಾಟಿ ಬಂದದ್ದು. ಅದರಿಂದ ಬಳ್ಳಾರಿ ಜಿಲ್ಲೆಗೆ ನೌಕರಿ, ಕಾಲೇಜು ಸೀಟುಗಳ ಮೀಸಲು ಸಿಕ್ಕಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿಬಿಟ್ಟಿತ್ತು, ಹಾಗಾಗಿ ಪಕ್ಕದ ಹಡಗಲಿ, ಕೊಟ್ಟೂರಿನ ಹುಡುಗರಿಗೆ ಸಿಕ್ಕಿದ್ದು ಇಲ್ಲಿಯ ಹುಡುಗರಿಗೆ ತಪ್ಪಿತು. ವರ್ಷಗಟ್ಟಲೆ ಹೋರಾಟ ಮಾಡಿ ತಾಲ್ಲೂಕು ಬಳ್ಳಾರಿಗೆ ವಾಪಸಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಲೋಕಸಭೆಯ ಲೆಕ್ಕದಲ್ಲಿ ಹರಪನಹಳ್ಳಿ ಇನ್ನೂ ದಾವಣಗೆರೆ ಕ್ಷೇತ್ರದಲ್ಲೇ ಇದೆ.

ಅನುದಾನದ ಮಾತೂ ಇದೆ. ಸಂಸದರ ನಿಧಿ ವರ್ಷಕ್ಕೆ ಐದು ಕೋಟಿ ರೂಪಾಯಿ. ಲೋಕಸಭಾ ಸದಸ್ಯರು ಮುಖ್ಯವಾಗಿ ತಮ್ಮ ಕ್ಷೇತ್ರದಲ್ಲಿ ಬಳಸಬೇಕು, ರಾಜ್ಯಸಭಾ ಸದಸ್ಯರು ತಮ್ಮನ್ನು ಆರಿಸಿದ ರಾಜ್ಯದ ಯಾವ ಮೂಲೆಯಲ್ಲಾದರೂ ಕೆಲಸ ಸೂಚಿಸಬಹುದು. ಅಂದರೆ ಕೂಡ್ಲಿಗಿಯ ಕುಡಿಯುವ ನೀರಿಗೋ ಕೊಟ್ಟೂರಿನ ಶಾಲೆಯ ಕೊಠಡಿಗೋ 12 ಜನರ ಬಾಗಿಲನ್ನೂ ತಟ್ಟಬಹುದು. ತಟ್ಟಲು ಹೆಸರು ಗೊತ್ತಿರಬೇಕಷ್ಟೆ.

ಅಮೆರಿಕದಲ್ಲೂ ಒಂದು ಕಾಲಕ್ಕೆ ಸೆನೆಟರುಗಳನ್ನು ಆರಿಸುತ್ತಿದ್ದವರು ರಾಜ್ಯಗಳ ಶಾಸಕರೇ. ದುಡ್ಡಿನ ಆರೋಪ, ಜಗಳ, ವರ್ಷಗಟ್ಟಲೆ ಖಾಲಿ ಉಳಿದ ಸ್ಥಾನಗಳನ್ನು ನೋಡಿ ನೋಡಿ ಸಾಕಾಗಿ 1913ರಲ್ಲಿ ಸಂವಿಧಾನ ತಿದ್ದಿ ನೇರ ಚುನಾವಣೆ ತಂದರು. ನಮ್ಮಲ್ಲಿ ಅದು ಬರಬೇಕೆಂದು ನಾನು ಹೇಳುವುದಿಲ್ಲ. ಇನ್ನೊಂದು ಚುನಾವಣೆ, ಇನ್ನೊಂದಿಷ್ಟು ಖರ್ಚು, ಮತ್ತದೇ ಮುಖಗಳು. ಅದಕ್ಕಿಂತ ಸುಲಭದ್ದೊಂದು ಈಗಿನ ಕಾನೂನಿನಲ್ಲೇ ಸಾಧ್ಯವಿದೆ: ಓಟು ಹಾಕಿ ಬಂದ ಶಾಸಕರು ಊರಿಗೆ ಬಂದು ಯಾರಿಗೆ ಹಾಕಿದೆ, ಯಾಕೆ ಹಾಕಿದೆ ಎಂದು ಹೇಳುವುದು. ಹೇಳಬಾರದೆಂದು ಯಾರೂ ಅವರ ಬಾಯಿ ಕಟ್ಟಿಲ್ಲ.

ಕೇಳಲು ಹೊತ್ತೂ ಒದಗಿ ಬರುತ್ತದೆ. ಈಗಿನ ವಿಧಾನಸಭೆಯ ಅವಧಿ ಮುಗಿಯುವುದು 2028ರ ಮೇ ತಿಂಗಳಲ್ಲಿ. 2022ರಲ್ಲಿ ಹೋದ ನಾಲ್ವರ ಅವಧಿ ಮುಗಿಯುವುದು ಅದೇ ಜೂನ್ ಕೊನೆಗೆ. ಲೆಕ್ಕ ಏರುಪೇರಾಗದಿದ್ದರೆ, ಆ ಬೇಸಿಗೆಯಲ್ಲಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಲ್ಲಿ ಗೆಲ್ಲುವ ನಾಲ್ವರು ಶಾಸಕರು ಸನ್ಮಾನದ ಹಾರ ಬಾಡುವುದರೊಳಗೆ ನೇರಳೆ ಪೆನ್ನು ಹಿಡಿಯಬೇಕಾಗುತ್ತದೆ. ಹಾಗಾಗಿ ಓಟು ಕೇಳಲು ಬಂದವರನ್ನು ರಸ್ತೆ, ನೀರು, ಆಶ್ರಯ ಮನೆಯ ಜೊತೆಗೆ, 'ಗೆದ್ದರೆ ಜೂನ್‌ನಲ್ಲಿ ಮೇಲ್ಮನೆಗೆ ಯಾರನ್ನು ಕಳಿಸ್ತೀರಿ ಸರ್?' ಎಂದೂ ಕೇಳಬಹುದು.